ದೊಡ್ಡಪ್ಪನ ರಿಜಿಸ್ಟರು ಮತ್ತು ಡಿಸೆಂಬರ್ 25

ನಮ್ಮ ದೊಡ್ಡಪ್ಪ ಮಲೆನಾಡಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಬಹುಕಾಲ ಹೆಡ್ಮಾಸ್ತರರಾಗಿದ್ದರು. ಆ ಊರಿನ ಮುಕ್ಕಾಲು ಪಾಲು ಜನರಿಗೆ ಹುಟ್ಟಿದ ತಾರೀಖನ್ನು ದಯಪಾಲಿಸಿದವರು ಅವರೇ. ಜೂನ್ ಮೊದಲ ವಾರದಲ್ಲಿ, ಮಳೆ ಹಿಡಿಯಲೋ ಬಿಡಲೋ ಎಂದು ಯೋಚಿಸುತ್ತಿರುವಾಗ, ತಾಯಂದಿರು ಕಂಬಳಿಕೊಪ್ಪೆಯ ಮರೆಯಲ್ಲಿ ಮಕ್ಕಳನ್ನು ಎಳೆದುಕೊಂಡು ಶಾಲೆಯ ಜಗಲಿಗೆ ಬರುತ್ತಿದ್ದರು. ದೊಡ್ಡಪ್ಪ ಮೊದಲು ಮಗುವಿಗೆ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿಯನ್ನು ಮುಟ್ಟಲು ಹೇಳುತ್ತಿದ್ದರು. ಬೆರಳು ಕಿವಿಗೆ ಎಟುಕಿದರೆ ಶಾಲೆಗೆ ಸೇರುವ ವಯಸ್ಸಾಗಿದೆ ಎಂದು ಲೆಕ್ಕ. ಆಮೇಲೆ ತಾಯಿಯತ್ತ ತಿರುಗಿ ಹುಟ್ಟಿದ್ದು ಯಾವಾಗ ಎಂದು ಕೇಳುವರು. "ಹೊಳೆ ಬಂದು ಸಂಕ ಕೊಚ್ಚಿಕೊಂಡು ಹೋಯಿತಲ್ಲ, ಆ ವರ್ಷ. ನಟ್ಟಿ ಮುಗಿದಿತ್ತು. ನಮ್ಮ ಕೆಂದಿ ಕರು ಹಾಕಿ ಎಂಟು ದಿನ ಆಗಿತ್ತು" ಎಂದು ಆಕೆ ಸಾಕ್ಷಿ ಹೇಳುವಳು. ರಿಜಿಸ್ಟರಿನ ಕಲಮಿನಲ್ಲಿ ಸಂಕಕ್ಕಾಗಲಿ ಕೆಂದಿಗಾಗಲಿ ಜಾಗವಿರಲಿಲ್ಲ. ದೊಡ್ಡಪ್ಪ ಒಂದು ಕ್ಷಣ ಮಾಡಿನತ್ತ ನೋಡಿ, ಮನಸ್ಸಿನಲ್ಲೇ ಕೂಡಿ ಕಳೆದು, ಜೂನ್ 1 ಎಂದು ಬರೆದು ಅದರ ಮುಂದೆ ಒಂದು ಇಸವಿಯನ್ನು ಸೇರಿಸುತ್ತಿದ್ದರು.

ಕರ್ನಾಟಕದಲ್ಲಿ ಹೀಗೆ ಜೂನ್ ಒಂದರಂದು ಹುಟ್ಟಿದವರ ಒಂದು ತಲೆಮಾರೇ ಇದೆ. ಅವರಲ್ಲಿ ಸರ್ಕಾರಿ ನೌಕರಿಗೆ ಸೇರಿದವರೆಲ್ಲರೂ ಮೇ 31ರಂದು ಒಟ್ಟಿಗೆ ಹಾರ ಹಾಕಿಸಿಕೊಂಡು ನಿವೃತ್ತರಾಗುತ್ತಾರೆ. ಹಾಗೆಂದು ದೊಡ್ಡಪ್ಪನನ್ನು ಸುಳ್ಳುಗಾರರೆನ್ನಲು ನನಗೆ ಮನಸ್ಸು ಬಾರದು. ಮಗು ಹುಟ್ಟಿದ್ದಂತೂ ನಿಜ, ಕಲಮು ಖಾಲಿ ಬಿಡುವಂತಿರಲಿಲ್ಲ, ತಾಯಿ ಕೊಟ್ಟ ಕುರುಹುಗಳು ತಾರೀಖಾಗುವಷ್ಟು ಗಟ್ಟಿಯಾಗಿರಲಿಲ್ಲ. ಶಾಲೆ ತೆರೆಯುವ ದಿನವೊಂದು ಕಣ್ಣೆದುರಿಗೇ ಇತ್ತು, ಅದನ್ನು ಅವರು ಬಳಸಿಕೊಂಡರು.

ಡಿಸೆಂಬರಿನಲ್ಲಿ ಪಕ್ಕದ ಮನೆಯ ಕ್ರೈಸ್ತ ಹೆಂಗಸು ಬಾಯಮ್ಮ ಕ್ರಿಸ್ಮಸ್ ತಿಂಡಿಗಳ ಕುಸ್ವಾರಿನ ತಟ್ಟೆ ಕಳಿಸಿದಾಗಲೆಲ್ಲ ನನಗೆ ಈ ರಿಜಿಸ್ಟರು ನೆನಪಾಗುತ್ತದೆ. ಯೇಸುವಿನ ಹುಟ್ಟಿಗೂ ಒಂದು ಖಾಲಿ ಕಲಮು ಇತ್ತು, ಅದು ಸುಮಾರು ಮುನ್ನೂರು ವರ್ಷ ಖಾಲಿಯಾಗಿಯೇ ಇತ್ತು. ಯೇಸುವಿನ ಜೀವನಕಥೆಗಳಾದ ಸುವಾರ್ತೆಗಳನ್ನು ಬರೆದ ನಾಲ್ವರಲ್ಲಿ ಮಾರ್ಕನೂ ಯೋಹಾನನೂ ಹುಟ್ಟಿನ ಕಥೆಯನ್ನೇ ಹೇಳುವುದಿಲ್ಲ. ಮತ್ತಾಯನೂ ಲೂಕನೂ ಹೇಳುತ್ತಾರೆ, ಆದರೆ ನಮ್ಮೂರಿನ ತಾಯಂದಿರ ರೀತಿಯಲ್ಲಿ ಹೇಳುತ್ತಾರೆ. ಅರಸನಾದ ಹೆರೋದನ ದಿನಗಳಲ್ಲಿ ಎನ್ನುತ್ತಾನೆ ಮತ್ತಾಯ. ಸಿರಿಯ ಪ್ರಾಂತದಲ್ಲಿ ಕುರೇನ್ಯನು ಅಧಿಪತಿಯಾಗಿದ್ದಾಗ ಜನಗಣತಿ ನಡೆಯಿತು, ಆಗ ಎನ್ನುತ್ತಾನೆ ಲೂಕ. ತೊಡಕೇನೆಂದರೆ, ಹೆರೋದನು ಕ್ರಿಸ್ತಪೂರ್ವ 4ರಲ್ಲಿ ತೀರಿಕೊಂಡನೆಂದೂ ಕುರೇನ್ಯನ ಗಣತಿ ಕ್ರಿಸ್ತಶಕ 6ರಲ್ಲಿ ನಡೆಯಿತೆಂದೂ ಇತಿಹಾಸಕಾರರು ಸಾಮಾನ್ಯವಾಗಿ ಒಪ್ಪುತ್ತಾರೆ. ಕೆಂದಿ ಕರು ಹಾಕಿದ ವರ್ಷವೂ ಸಂಕ ಕೊಚ್ಚಿಹೋದ ವರ್ಷವೂ ಬೇರೆಬೇರೆ ಎಂದು ಗೊತ್ತಾದರೆ ಹೇಗೋ ಹಾಗೆ. ಇನ್ನು ತಿಂಗಳ ವಿಷಯಕ್ಕೆ ಬಂದರೆ, ಕುರುಬರು ರಾತ್ರಿ ಬಯಲಿನಲ್ಲಿ ಮಂದೆ ಕಾಯುತ್ತಿದ್ದರು ಎಂಬ ಲೂಕನ ಒಂದು ಮಾತಿದೆ. ಇದನ್ನೇ ಹಿಡಿದುಕೊಂಡು, ಚಳಿಗಾಲದಲ್ಲಿ ಬೇತ್ಲೆಹೇಮಿನ ಗುಡ್ಡಗಳಲ್ಲಿ ಕುರಿ ಬಿಡುತ್ತಾರೆಯೇ ಎಂದು ವಾದಿಸುವವರಿದ್ದಾರೆ, ಬಿಡುತ್ತಾರೆ ಎಂದು ತಿರುಗಿ ವಾದಿಸುವವರೂ ಇದ್ದಾರೆ. ಕುರಿಗಳ ಮೇಲೆ ಅಷ್ಟು ಭಾರ ಹೊರಿಸುವುದು ಸರಿಯೆಂದು ನನಗೆ ತೋರುವುದಿಲ್ಲ.

ಮೊದಲ ಕ್ರೈಸ್ತರಿಗೆ ಈ ಕಲಮನ್ನು ತುಂಬಬೇಕೆಂಬ ಅವಸರವೇ ಇರಲಿಲ್ಲ. ಮೂರನೆಯ ಶತಮಾನದ ದೊಡ್ಡ ಪಂಡಿತ ಒರಿಗೆನ್ ಹುಟ್ಟುಹಬ್ಬವೆಂದರೆ ಮುಖ ಸಿಂಡರಿಸುತ್ತಿದ್ದ. ಧರ್ಮಗ್ರಂಥದಲ್ಲಿ ಹುಟ್ಟುಹಬ್ಬ ಆಚರಿಸಿದವರು ಯಾರು? ಒಬ್ಬ ಈಜಿಪ್ಟಿನ ಅರಸ ಫರೋಹ, ಅವನು ಅಂದು ತನ್ನ ಭಕ್ಷ್ಯಕಾರನನ್ನು ತೂಗುಹಾಕಿಸಿದ. ಇನ್ನೊಬ್ಬ ಮೇಲೆ ಹೇಳಿದ ಹೆರೋದನ ಮಗ, ಅದೇ ಹೆಸರಿನವನು, ಅವನು ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕ ಯೋಹಾನನ ತಲೆ ಕಡಿಸಿದ. ಸಂತರಿಗೇಕೆ ಈ ಪಾಪಿಗಳ ಚಾಳಿ ಎಂಬುದು ಅವನ ವಾದ. ಕೇಕಿನ ಮೇಲೆ ಮೋಂಬತ್ತಿ ಊದುವ ಇಂದಿನ ಮಕ್ಕಳು ಒರಿಗೆನ್ನನ ಕಣ್ಣಿಗೆ ಬೀಳದಿರುವುದೇ ಒಳ್ಳೆಯದು. ಹುತಾತ್ಮರು ಸತ್ತ ದಿನವನ್ನೇ ಅವರು ಪರಲೋಕದಲ್ಲಿ ಹುಟ್ಟಿದ ದಿನವೆಂದು ಕೊಂಡಾಡುವುದು ಆ ಕಾಲದ ಸಭೆಯ, ಅಂದರೆ ಚರ್ಚಿನ, ರೂಢಿಯಾಗಿತ್ತು. ಆದರೂ ಕುತೂಹಲ ಯಾರನ್ನು ಬಿಟ್ಟಿದೆ? ಸುಮಾರು 200ರ ಹೊತ್ತಿಗೆ ಅಲೆಕ್ಸಾಂಡ್ರಿಯದ ಕ್ಲೆಮೆಂಟ್, ಕೆಲವರು ವರ್ಷವನ್ನಷ್ಟೇ ಅಲ್ಲದೆ ದಿನವನ್ನೂ ಹುಡುಕಲು ಹೊರಟಿದ್ದಾರೆ ಎಂದು ತುಸು ವ್ಯಂಗ್ಯವಾಗಿಯೇ ಬರೆದು, ಅವರು ಕಂಡುಹಿಡಿದ ದಿನಗಳನ್ನೂ ಕೊಡುತ್ತಾನೆ. ಈಜಿಪ್ಟಿನ ತಿಂಗಳುಗಳ ಲೆಕ್ಕದಲ್ಲಿರುವ ಅವುಗಳಲ್ಲಿ ಒಂದು ಇಂದಿನ ಮೇ 20ಕ್ಕೂ ಉಳಿದವು ಏಪ್ರಿಲ್ 19 ಅಥವಾ 20ಕ್ಕೂ ಸರಿಹೊಂದುತ್ತವೆ. ಡಿಸೆಂಬರ್ 25 ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ.

ಅದು ಮೊದಲು ಕಾಣಿಸಿಕೊಳ್ಳುವುದು ರೋಮಿನ ಒಂದು ಅಲಂಕಾರದ ಕ್ಯಾಲೆಂಡರಿನಲ್ಲಿ. ವ್ಯಾಲೆಂಟಿನಸ್ ಎಂಬ ಶ್ರೀಮಂತನಿಗಾಗಿ ಫಿಲೊಕಾಲಸ್ ಎಂಬ ಅಕ್ಷರಶಿಲ್ಪಿ 354ರಲ್ಲಿ ಸಿದ್ಧಪಡಿಸಿದ ಪುಸ್ತಕವದು. ಮೂಲಪ್ರತಿ ಕಳೆದುಹೋಗಿದೆ, ಪ್ರತಿಯ ಪ್ರತಿಗಳಿಂದ ನಮಗೆ ತಿಳಿದಿದೆ. ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ರಾಹುಕಾಲ, ಗುಳಿಕಕಾಲ, ಸರ್ಕಾರಿ ರಜೆ, ಜಾತ್ರೆ, ಗ್ಯಾಸ್ ಸಿಲಿಂಡರು ಬಂದ ದಿನ ಎಲ್ಲವೂ ಒಂದೇ ಹಾಳೆಯಲ್ಲಿ ಸೌಹಾರ್ದದಿಂದ ಇರುವಂತೆ, ಆ ಪುಸ್ತಕದಲ್ಲೂ ಗ್ರಹಗಳ ಚಿತ್ರಗಳು, ಚಕ್ರವರ್ತಿಗಳ ಹುಟ್ಟುಹಬ್ಬಗಳು, ಹಳೆಯ ದೇವತೆಗಳ ಉತ್ಸವಗಳು, ರೋಮಿನ ಬಿಷಪ್ಪರ ಪಟ್ಟಿ, ಹುತಾತ್ಮರ ಪಟ್ಟಿ ಒಟ್ಟಿಗಿವೆ. ಈ ಹುತಾತ್ಮರ ಪಟ್ಟಿ 336ರ ಸುಮಾರಿಗೆ ತಯಾರಾದದ್ದೆಂದು ವಿದ್ವಾಂಸರು ಎಣಿಸುತ್ತಾರೆ. ಅದರ ಮೊದಲ ಸಾಲು ಹೀಗಿದೆ: ಜನವರಿಯ ಕಲೆಂಡಿಗೆ ಎಂಟನೆಯ ದಿನ, ಯೂದಾಯದ ಬೇತ್ಲೆಹೇಮಿನಲ್ಲಿ ಕ್ರಿಸ್ತನು ಹುಟ್ಟಿದನು. ರೋಮನ್ನರು ತಿಂಗಳ ಮೊದಲ ದಿನವನ್ನು ಕಲೆಂಡ್ ಎಂದು ಕರೆದು ಅಲ್ಲಿಂದ ಹಿಂದಕ್ಕೆ ಎಣಿಸುತ್ತಿದ್ದರು, ಎಣಿಸುವಾಗ ಹೊರಟ ದಿನವನ್ನೂ ಸೇರಿಸಿಕೊಳ್ಳುತ್ತಿದ್ದರು. ಜನವರಿ 1 ಒಂದು, ಡಿಸೆಂಬರ್ 31 ಎರಡು, 30 ಮೂರು ಎಂದು ಬೆರಳು ಮಡಚುತ್ತಾ ಹೋದರೆ ಎಂಟನೆಯದು ಡಿಸೆಂಬರ್ 25.

ಅದೇ ಪುಸ್ತಕದ ಇನ್ನೊಂದು ಭಾಗದಲ್ಲಿ, ಅದೇ ದಿನಕ್ಕೆ, ಅಜೇಯನ ಜನ್ಮದಿನ, ಮೂವತ್ತು ರಥದ ಓಟಗಳು ಎಂಬ ನಮೂದಿದೆ. ಅಜೇಯನೆಂದರೆ ರೋಮನ್ನರ ಅಜೇಯ ಸೂರ್ಯ. ಚಕ್ರವರ್ತಿ ಅರೇಲಿಯನ್ 274ರಲ್ಲಿ ಆ ಸೂರ್ಯನಿಗೊಂದು ಭಾರಿ ದೇವಾಲಯ ಕಟ್ಟಿಸಿದ್ದ. ಈ ಎರಡು ಸಾಲುಗಳನ್ನು ಪಕ್ಕಪಕ್ಕ ಇಟ್ಟಾಗ ಹುಟ್ಟುವ ಕಥೆ ಎಲ್ಲರಿಗೂ ಗೊತ್ತಿರುವುದೇ: ಕ್ರೈಸ್ತರು ಸೂರ್ಯನ ಹಬ್ಬವನ್ನು ಕದ್ದು ಕ್ರಿಸ್ತನ ಹೆಸರಿಟ್ಟರು. ಪ್ರತಿ ಡಿಸೆಂಬರಿನಲ್ಲಿಯೂ ಯಾರಾದರೊಬ್ಬರು ಇದನ್ನು ಮೊಟ್ಟಮೊದಲು ತಾವೇ ಪತ್ತೆಹಚ್ಚಿದವರಂತೆ ನನ್ನ ಫೋನಿಗೆ ಕಳಿಸುತ್ತಾರೆ, ಜೊತೆಗೆ ಸ್ಯಾಟರ್ನೇಲಿಯ ಹಬ್ಬವನ್ನೂ ಸೇರಿಸಿರುತ್ತಾರೆ. ಸ್ಯಾಟರ್ನೇಲಿಯ ಡಿಸೆಂಬರ್ 17ಕ್ಕೆ ಶುರುವಾಗಿ 23ಕ್ಕೆ ಮುಗಿದೇ ಹೋಗುತ್ತಿತ್ತು ಎಂಬುದು ಆ ಸಂದೇಶದಲ್ಲಿ ಇರುವುದಿಲ್ಲ. ಕಳ್ಳತನದ ಆರೋಪಕ್ಕೆ ನನ್ನದೊಂದು ಚಿಕ್ಕ ತಕರಾರಿದೆ. ಸೂರ್ಯನ ಹಬ್ಬ ಡಿಸೆಂಬರ್ 25ರಂದು ನಡೆಯುತ್ತಿತ್ತು ಎನ್ನುವುದಕ್ಕೆ ನಮಗಿರುವ ಮೊದಲ ಸ್ಪಷ್ಟ ದಾಖಲೆಯೂ ಇದೇ 354ರ ಪುಸ್ತಕ, ಕ್ರಿಸ್ತನ ಜನನದ ಮೊದಲ ದಾಖಲೆಯೂ ಇದೇ. ಒಂದೇ ಗೋಡೆಯ ಎರಡು ಮೊಳೆಗಳಲ್ಲಿ ಯಾವುದನ್ನು ಮೊದಲು ಹೊಡೆದರು ಎಂದು ಗೋಡೆಯನ್ನು ನೋಡಿ ಹೇಳಲಾಗದು. ಹನ್ನೆರಡನೆಯ ಶತಮಾನದಲ್ಲಿ ಸಿರಿಯಾಕ್ ಭಾಷೆಯ ಒಬ್ಬ ಟಿಪ್ಪಣಿಕಾರ ಸೂರ್ಯನ ಹಬ್ಬದ ದಿನಕ್ಕೇ ಇದನ್ನು ತಂದಿಟ್ಟರೆಂದು ಬರೆದದ್ದುಂಟು, ಆದರೆ ಅವನು ಘಟನೆಯಿಂದ ಎಂಟು ನೂರು ವರ್ಷ ಈಚೆಗಿನವನು.

ಇನ್ನೊಂದು ದಾರಿ ಇದೆ, ಅದು ನಮ್ಮ ದೊಡ್ಡಪ್ಪನಿಗೆ ಹೆಚ್ಚು ಹಿಡಿಸಿತು, ಏಕೆಂದರೆ ಅದರಲ್ಲಿ ಗಣಿತವಿದೆ. 1889ರಲ್ಲಿ ಫ್ರಾನ್ಸಿನ ವಿದ್ವಾಂಸ ಲೂಯಿ ದುಶೇನ್ ಇದನ್ನು ಮುಂದಿಟ್ಟ. ಯೇಸು ಸತ್ತ ದಿನದ ಕುರುಹು ಹುಟ್ಟಿದ ದಿನದ ಕುರುಹಿಗಿಂತ ಎಷ್ಟೋ ಗಟ್ಟಿ. ಅದು ಯಹೂದಿಗಳ ಪಸ್ಕ ಹಬ್ಬದ ಹೊತ್ತು, ಅಂದರೆ ನಿಸಾನ್ ತಿಂಗಳ ಹದಿನಾಲ್ಕು ಅಥವಾ ಹದಿನೈದು, ವಸಂತದ ಹುಣ್ಣಿಮೆ. ರೋಮನ್ ತಾರೀಖಿಗೆ ಇಳಿಸಿದಾಗ ಅದು ಮಾರ್ಚ್ 25 ಎಂದು ಉತ್ತರ ಆಫ್ರಿಕಾದ ತೆರ್ತುಲಿಯನ್ನನ ಕಾಲಕ್ಕಾಗಲೇ, ಅಂದರೆ ಸುಮಾರು 200ರ ಹೊತ್ತಿಗೆ, ಒಂದು ಎಣಿಕೆ ನಿಂತಿತ್ತು. ಮಹಾತ್ಮರ ಆಯುಸ್ಸಿನಲ್ಲಿ ಮುಕ್ಕು ಮುರುಕು ಇರಬಾರದು, ಅದು ಪೂರ್ಣಸಂಖ್ಯೆಯೇ ಆಗಿರಬೇಕು ಎಂಬ ಭಾವನೆ ಆ ಜಗತ್ತಿನಲ್ಲಿತ್ತು. ಮೋಶೆ ಹುಟ್ಟಿದ ತಿಥಿಯಂದೇ ತೀರಿಕೊಂಡನೆಂದು ಯಹೂದಿ ಸಂಪ್ರದಾಯ ಹೇಳುತ್ತದೆ. ಅದೇ ಜಾಡಿನಲ್ಲಿ ಯೋಚಿಸಿದವರು, ಕ್ರಿಸ್ತನು ಸತ್ತ ಮಾರ್ಚ್ 25ರಂದೇ ತಾಯಿಯ ಗರ್ಭವನ್ನು ಸೇರಿದ್ದನೆಂದು ತೀರ್ಮಾನಿಸಿದರು. ಅಲ್ಲಿಂದ ಒಂಬತ್ತು ತಿಂಗಳು ತುಂಬಿದರೆ ಡಿಸೆಂಬರ್ 25. ಇದು ನಂತರದವರು ಕಟ್ಟಿದ ಊಹೆಯಷ್ಟೇ ಎನ್ನುವಂತಿಲ್ಲ. ಗರ್ಭಕ್ಕೆ ಬಂದದ್ದೂ ಯಾತನೆಪಟ್ಟದ್ದೂ ಮಾರ್ಚ್ 25ರಂದೇ ಎಂದು ಐದನೆಯ ಶತಮಾನದ ಆರಂಭದಲ್ಲಿ ಅಗಸ್ಟೀನ್ ಸ್ಪಷ್ಟವಾಗಿ ಬರೆದಿದ್ದಾನೆ. ರೋಮನ್ ಸಾಮ್ರಾಜ್ಯದ ಪೂರ್ವಭಾಗದ ಕೆಲವು ಕಡೆ ಮರಣದ ದಿನವನ್ನು ಏಪ್ರಿಲ್ 6 ಎಂದು ಎಣಿಸಿದ್ದರು. ಅದಕ್ಕೆ ಒಂಬತ್ತು ತಿಂಗಳು ಸೇರಿಸಿದರೆ ಜನವರಿ 6 ಬರುತ್ತದೆ, ಪೂರ್ವದವರು ಹುಟ್ಟಿನ ಹಬ್ಬವನ್ನು ಆಚರಿಸುತ್ತಿದ್ದದ್ದೂ ಜನವರಿ 6ರಂದೇ. ಹೊಂದಿಕೆ ಎರಡೂ ಕಡೆ ಹೀಗೆ ಕೂಡಿಬಂದಾಗ, ನಾನು ಗಣಿತದ ಕಡೆಗೇ ವಾಲುತ್ತೇನೆ. ಆದರೆ ಆ ಗಣಿತವನ್ನು ಸೂರ್ಯನಿಂದ ಬಿಡಿಸಿ ನೋಡಲೂ ಆಗುವುದಿಲ್ಲ. ಮಾರ್ಚ್ 25 ರೋಮನ್ನರ ರೂಢಿಯಲ್ಲಿ ಹಗಲಿರುಳು ಸಮವಾಗುವ ವಿಷುವದ ದಿನ, ಡಿಸೆಂಬರ್ 25 ಸೂರ್ಯನು ಉತ್ತರಕ್ಕೆ ಹೊರಳುವ ದಿನ.

ಹೀಗೆ ಒಂದು ತಾರೀಖು ನಿಂತ ಮೇಲೆ ಉಳಿದವು ತಾವಾಗಿ ಬಂದು ಸಾಲಾಗಿ ಕುಳಿತವು. ಬಂಧು ಎಲಿಸಬೇತಳಿಗೆ ಗರ್ಭದ ಆರನೆಯ ತಿಂಗಳಾಗಿದ್ದಾಗ ದೇವದೂತನು ಗರ್ಭದ ಸುದ್ದಿ ಹೇಳಲು ಯೇಸುವಿನ ತಾಯಿ ಮರಿಯಳ ಬಳಿಗೆ ಬಂದನೆಂದು ಲೂಕ ಹೇಳುತ್ತಾನೆ. ಹಾಗಾದರೆ ಎಲಿಸಬೇತಳ ಮಗ ಸ್ನಾನಿಕ ಯೋಹಾನ ಯೇಸುವಿಗಿಂತ ಆರು ತಿಂಗಳು ದೊಡ್ಡವನು, ಅವನ ಹಬ್ಬ ಜೂನಿನಲ್ಲಿ ಬರಬೇಕು. ಬರುತ್ತದೆ, ಆದರೆ 25ರಂದು ಬರುವುದಿಲ್ಲ, 24ರಂದು ಬರುತ್ತದೆ. ಈ ಒಂದು ದಿನ ಎಲ್ಲಿ ಹೋಯಿತೆಂದು ನಾನು ಬಹಳ ದಿನ ತಲೆ ಕೆರೆದುಕೊಂಡಿದ್ದೆ. ಉತ್ತರ ರೋಮನ್ನರ ಹಿಮ್ಮುಖ ಎಣಿಕೆಯಲ್ಲಿದೆ. ಡಿಸೆಂಬರಿಗೆ 31 ದಿನ, ಜೂನಿಗೆ 30. ಜನವರಿಯ ಕಲೆಂಡಿಗೆ ಎಂಟನೆಯ ದಿನವೆಂದರೆ 25, ಜುಲೈ ಕಲೆಂಡಿಗೆ ಎಂಟನೆಯ ದಿನವೆಂದರೆ 24. ಅವರ ಕಣ್ಣಿಗೆ ಎರಡೂ ಎಂಟನೆಯ ದಿನವೇ, ಅಲ್ಲಿ ಯಾವ ಕೊರತೆಯೂ ಇರಲಿಲ್ಲ. ಮಾರ್ಚ್ 25 ಏಪ್ರಿಲ್ ಕಲೆಂಡಿಗೆ ಎಂಟನೆಯದು, ಯೋಹಾನನು ಗರ್ಭಕ್ಕೆ ಬಂದನೆಂದು ಎಣಿಸಿದ ಸೆಪ್ಟೆಂಬರ್ 24 ಅಕ್ಟೋಬರ್ ಕಲೆಂಡಿಗೆ ಎಂಟನೆಯದು. ಎರಡು ವಿಷುವ, ಎರಡು ಅಯನ, ನಾಲ್ಕು ಮೂಲೆಗೆ ನಾಲ್ಕು ಕಂಬ ನೆಟ್ಟಂತೆ ಇಬ್ಬರ ಗರ್ಭ ಮತ್ತು ಜನನ. ಯೋಹಾನನ ಸುವಾರ್ತೆಯಲ್ಲಿ, ಆತನು ವೃದ್ಧಿಯಾಗಬೇಕು, ನಾನು ಕಡಿಮೆಯಾಗಬೇಕು ಎಂದು ಸ್ನಾನಿಕನು ಹೇಳುವ ಮಾತನ್ನು ಆ ಕಾಲದವರು ಹಗಲಿನ ಉದ್ದಕ್ಕೆ ಅನ್ವಯಿಸಿಕೊಂಡು ಸಂತೋಷಪಟ್ಟರು: ಯೋಹಾನನು ಹುಟ್ಟಿದ ಮೇಲೆ ಹಗಲು ಕುಗ್ಗುತ್ತದೆ, ಕ್ರಿಸ್ತನು ಹುಟ್ಟಿದ ಮೇಲೆ ಹಗಲು ಬೆಳೆಯುತ್ತದೆ.

ಡಿಸೆಂಬರ್ 25ರಿಂದ ಎಂಟನೆಯ ದಿನ ಸುನ್ನತಿ, ಅದು ಜನವರಿ 1. ನಲವತ್ತನೆಯ ದಿನ ತಾಯಿ ಮಗುವನ್ನು ದೇವಾಲಯಕ್ಕೆ ಒಯ್ದದ್ದು, ಅದು ಫೆಬ್ರವರಿ 2. ಬಾಣಂತಿಯ ನಲವತ್ತು ದಿನದ ಲೆಕ್ಕವನ್ನು ನಮ್ಮ ಮನೆಗಳಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಮರಿಯಳ ಹುಟ್ಟಿಗೆ ಸೆಪ್ಟೆಂಬರ್ 8 ಎಂದು ಗೊತ್ತಾದ ಮೇಲೆ, ಅವಳು ತನ್ನ ತಾಯಿಯ ಗರ್ಭಕ್ಕೆ ಬಂದ ದಿನ ಒಂಬತ್ತು ತಿಂಗಳು ಹಿಂದಕ್ಕೆ ಸರಿದು ಡಿಸೆಂಬರ್ 8 ಆಯಿತು. ಆ ಸೆಪ್ಟೆಂಬರ್ 8 ಪೂರ್ವದ ಸಭೆಗಳಿಂದ ರೋಮಿಗೆ ಬಂದು, ಪೋರ್ಚುಗೀಸರ ಹಡಗು ಹತ್ತಿ ಗೋವಾಕ್ಕೆ ಇಳಿದು, ಕೊನೆಗೆ ನಮ್ಮ ಕರಾವಳಿಯಲ್ಲಿ ಭತ್ತದ ತೆನೆ ಹಾಲುಗಟ್ಟಿ ಬಲಿಯುವ ಹೊತ್ತಿಗೇ ಸರಿಯಾಗಿ ಬಂದು ಕುಳಿತಿತು. ಮೊಂತಿ ಹಬ್ಬವೆಂದು ಕರೆಯುವ ಆ ದಿನ ಬಾಯಮ್ಮನ ಮನೆಯಲ್ಲಿ ಇಗರ್ಜಿಯಿಂದ ತಂದ ಹೊಸ ತೆನೆಯನ್ನು ಸುಲಿದು, ಕಾಳುಗಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಮನೆಯ ಹಿರಿಯರಿಂದ ಮೊದಲ್ಗೊಂಡು ಎಲ್ಲರಿಗೂ ಹಂಚುತ್ತಾರೆ. ಪಲ್ಯಗಳು ಒಂದೋ ಮೂರೋ ಐದೋ ಆಗಿ ಬೆಸ ಸಂಖ್ಯೆಯಲ್ಲೇ ಇರಬೇಕು, ಮೀನು ಮಾಂಸ ಕೂಡದು. ನಮ್ಮ ಮನೆಯ ಹೊಸತು ಊಟಕ್ಕೂ ಅದಕ್ಕೂ ಇರುವ ದೂರ ಒಂದು ಬೇಲಿಯಷ್ಟೇ. ಜೆರುಸಲೇಮಿನಲ್ಲಿ ಆ ತಾರೀಖನ್ನು ಗೊತ್ತುಮಾಡಿದವರಿಗೆ ಭತ್ತವೆಂದರೇನೆಂದೇ ಗೊತ್ತಿದ್ದಿರಲಾರದು.

ಪೂರ್ವದವರು ತಮ್ಮ ಜನವರಿ 6ನ್ನು ಸುಲಭಕ್ಕೆ ಬಿಟ್ಟುಕೊಡಲಿಲ್ಲ. ಅಂತಿಯೋಕ್ಯದಲ್ಲಿ 386ರ ಡಿಸೆಂಬರಿನಲ್ಲಿ ಯೋಹಾನ ಕ್ರಿಸೊಸ್ತೊಮ್ ಎಂಬ ಪಾದ್ರಿ ಮಾಡಿದ ಪ್ರವಚನ ಉಳಿದುಬಂದಿದೆ. ಈ ದಿನ ನಮಗೆ ಗೊತ್ತಾಗಿ ಇನ್ನೂ ಹತ್ತು ವರ್ಷವೂ ಆಗಿಲ್ಲ, ಪಶ್ಚಿಮದವರಿಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ಅವನು ಕೇಳುಗರನ್ನು ಒಪ್ಪಿಸಲು ಪಡುವ ಪಾಡು ನೋಡಿದರೆ, ಹೊಸ ಹಬ್ಬಕ್ಕೆ ತಕರಾರು ತೆಗೆದವರು ಸಾಕಷ್ಟು ಮಂದಿ ಇದ್ದರೆಂದು ತಿಳಿಯುತ್ತದೆ. ಕಾಲಕ್ರಮದಲ್ಲಿ ಹೆಚ್ಚಿನವರು ರಾಜಿಯಾದರು. ಡಿಸೆಂಬರ್ 25 ಹುಟ್ಟಿಗೆ, ಜನವರಿ 6 ಪಶ್ಚಿಮದಲ್ಲಿ ಮಗುವನ್ನು ನೋಡಲು ಜೋಯಿಸರು ಬಂದ ದಿನಕ್ಕೆ, ಪೂರ್ವದಲ್ಲಿ ಯೇಸುವಿನ ದೀಕ್ಷಾಸ್ನಾನಕ್ಕೆ ಎಂದು ಹಂಚಿಕೆಯಾಯಿತು. ಅರ್ಮೇನಿಯದ ಸಭೆ ಮಾತ್ರ ರಾಜಿಗೆ ಒಪ್ಪದೆ ಇಂದಿಗೂ ಜನವರಿ 6ರಂದೇ ಹುಟ್ಟನ್ನೂ ಸ್ನಾನವನ್ನೂ ಒಟ್ಟಿಗೆ ಆಚರಿಸುತ್ತಿದೆ.

ಸೂರ್ಯನ ಹೊರಳುವಿಕೆಯ ಮಾತು ಬಂದದ್ದರಿಂದ ನಮ್ಮ ಸಂಕ್ರಾಂತಿಯನ್ನು ಇಲ್ಲಿ ಬಿಟ್ಟರೆ ತಪ್ಪಾಗುತ್ತದೆ. ಉತ್ತರಾಯಣ ಪುಣ್ಯಕಾಲವೆಂದು ಜನವರಿ 14 ಅಥವಾ 15ರಂದು ಎಳ್ಳುಬೆಲ್ಲ ಬೀರುತ್ತೇವೆ. ಆಕಾಶದಲ್ಲಿ ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ಸುಮಾರು 1700 ವರ್ಷಗಳ ಹಿಂದೆ ಮಕರ ಸಂಕ್ರಮಣವೂ ಉತ್ತರಾಯಣವೂ ಒಂದೇ ದಿನ ಬೀಳುತ್ತಿದ್ದವು. ನಮ್ಮವರು ಸೂರ್ಯನು ಮಕರ ರಾಶಿಯನ್ನು ಹೊಗುವ ಗಳಿಗೆಗೆ ಹಬ್ಬವನ್ನು ಕಟ್ಟಿಹಾಕಿದ್ದರಿಂದ, ಸುಮಾರು ಎಪ್ಪತ್ತೆರಡು ವರ್ಷಕ್ಕೊಂದು ದಿನದಂತೆ ಅದು ನಿಜವಾದ ಉತ್ತರಾಯಣವನ್ನು ಹಿಂದೆ ಬಿಟ್ಟು ಸರಿಯುತ್ತಾ ಬಂತು. ರೋಮನ್ನರು ತಾರೀಖಿನ ಅಂಕಿಗೆ ಕಟ್ಟಿಹಾಕಿದರು. ಜೂಲಿಯಸ್ ಸೀಸರನ ಕ್ಯಾಲೆಂಡರಿನ ವರ್ಷ ನಿಜವಾದ ಸೌರವರ್ಷಕ್ಕಿಂತ ಹನ್ನೊಂದು ನಿಮಿಷ ಉದ್ದವಾಗಿದ್ದುದರಿಂದ ಅವರ ಸೂರ್ಯನೂ ತಾರೀಖಿನ ಕೈಗೆ ಸಿಗದೆ ಜಾರಿದ. ಸುಮಾರು ಒಂದೇ ಕಾಲದಲ್ಲಿ, ಒಂದೇ ಸೂರ್ಯನ ಒಂದೇ ತಿರುವಿಗೆ ಹೊಂದಿಸಿಟ್ಟ ಎರಡು ಹಬ್ಬಗಳು ಈಗ ಮೂರು ವಾರದ ಅಂತರದಲ್ಲಿ ನಿಂತಿವೆ, ಸೂರ್ಯ ಎರಡಕ್ಕೂ ಮೊದಲೇ ತಿರುಗಿ ಹೋಗಿರುತ್ತಾನೆ. ಹಾಗಾಗಿ ಬಾಯಮ್ಮನ ಕುಸ್ವಾರಿನ ಕಿಡಿಯೋ ಮುಗಿದು ಡಬ್ಬಿ ತೊಳೆದು ಒಣಗಿಸುವಷ್ಟರಲ್ಲಿ ನಮ್ಮ ಎಳ್ಳುಬೆಲ್ಲ ಅದೇ ಡಬ್ಬಿಯಲ್ಲಿ ಅವರ ಮನೆಗೆ ಹೋಗುತ್ತದೆ.

ಇದೆಲ್ಲ ನಿಂತ ತಾರೀಖುಗಳ ಕಥೆಯಾಯಿತು. ಓಡಾಡುವ ಹಬ್ಬವೊಂದಿದೆ, ಅದು ಯೇಸು ಸತ್ತು ಮತ್ತೆ ಎದ್ದುಬಂದದ್ದನ್ನು ನೆನೆಯುವ ಈಸ್ಟರ್. ಕನ್ನಡದ ಕ್ರೈಸ್ತರು ಪಾಸ್ಖ ಎನ್ನುತ್ತಾರೆ, ಅದೇ ಹಳೆಯ ಹೆಸರು. ಬಾಲ್ಯದಲ್ಲಿ ನಮಗೆ ಗುಡ್ ಫ್ರೈಡೇ ರಜೆ ಒಂದು ವರ್ಷ ಪರೀಕ್ಷೆಯ ನಡುವೆ ಬಂದು ಉಪಕಾರ ಮಾಡುತ್ತಿತ್ತು, ಇನ್ನೊಂದು ವರ್ಷ ಬೇಸಿಗೆ ರಜೆಯೊಳಗೆ ಬಿದ್ದು ವ್ಯರ್ಥವಾಗುತ್ತಿತ್ತು. ಇದರ ಓಡಾಟದ ಮೇರೆ ಮಾರ್ಚ್ 22ರಿಂದ ಏಪ್ರಿಲ್ 25. ಉಪವಾಸದ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಅದಕ್ಕೆ 46 ದಿನ ಮುಂಚೆ, ಗರಿಗಳ ಭಾನುವಾರ ಒಂದು ವಾರ ಮುಂಚೆ, ಗುಡ್ ಫ್ರೈಡೇ ಎರಡು ದಿನ ಮುಂಚೆ, ಪವಿತ್ರಾತ್ಮರ ಹಬ್ಬ ಏಳು ವಾರ ಅನಂತರ. ದಿಬ್ಬಣದ ಮದುಮಗ ಎದ್ದು ನಡೆದರೆ ಎಲ್ಲರೂ ಎದ್ದು ನಡೆಯಬೇಕಾಗುತ್ತದೆ.

ಜಗಳ ಶುರುವಾದದ್ದು ವಾರವೋ ತಿಥಿಯೋ ಎಂಬ ಪ್ರಶ್ನೆಯಿಂದ. ಏಷ್ಯಾ ಮೈನರಿನವರು ನಿಸಾನ್ ಹದಿನಾಲ್ಕು ಯಾವ ವಾರ ಬಂದರೂ ಅಂದೇ ಎನ್ನುತ್ತಿದ್ದರು, ರೋಮಿನವರು ಪುನರುತ್ಥಾನವಾದದ್ದು ಭಾನುವಾರ, ಆದ್ದರಿಂದ ಭಾನುವಾರವೇ ಆಗಬೇಕು ಎನ್ನುತ್ತಿದ್ದರು. ಸ್ಮುರ್ನದ ಮುದುಕ ಬಿಷಪ್ ಪೊಲಿಕಾರ್ಪ್ ಎರಡನೆಯ ಶತಮಾನದ ನಡುವಿನಲ್ಲಿ ರೋಮಿಗೆ ಬಂದಾಗ ಅಲ್ಲಿನ ಬಿಷಪ್ ಅನಿಸೇಟಸನೊಂದಿಗೆ ಈ ವಿಷಯ ಮಾತಾಡಿದ. ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿಸಲಾರದೆ, ಒಟ್ಟಿಗೆ ಪೂಜೆ ಮಾಡಿ, ಸಮಾಧಾನದಿಂದಲೇ ಬೀಳ್ಕೊಂಡರು. ಸುಮಾರು 190ರಲ್ಲಿ ಬಂದ ವಿಕ್ಟರ್ ಎಂಬ ಬಿಷಪ್ಪನಿಗೆ ಆ ತಾಳ್ಮೆ ಇರಲಿಲ್ಲ, ಏಷ್ಯಾದವರನ್ನೆಲ್ಲ ಬಹಿಷ್ಕರಿಸಲು ಹೊರಟ. ಲಿಯೋನಿನ ಐರೇನಿಯಸ್ ನಡುವೆ ಬಂದು, ಹಿಂದಿನವರು ಹೀಗೆಲ್ಲ ಮಾಡಲಿಲ್ಲವಲ್ಲ ಎಂದು ಬುದ್ಧಿ ಹೇಳಬೇಕಾಯಿತು. ಬಿಷಪ್ಪರು ಸೇರಿದ ನಿಸಿಯದ ಮಹಾಸಭೆ 325ರಲ್ಲಿ ಎಲ್ಲರೂ ಒಂದೇ ಭಾನುವಾರ ಆಚರಿಸತಕ್ಕದ್ದೆಂದು ಗೊತ್ತುಮಾಡಿತು. ವಿಷುವದ ಅನಂತರದ ಹುಣ್ಣಿಮೆಯ ಅನಂತರದ ಭಾನುವಾರ ಎಂಬ ಸೂತ್ರವನ್ನು ಆ ಸಭೆಯೇ ಬರೆದುಕೊಟ್ಟಿತೆಂದು ಎಲ್ಲೆಡೆ ಹೇಳುತ್ತಾರೆ, ಆದರೆ ಉಳಿದುಬಂದ ಅದರ ಕಾಗದಗಳಲ್ಲಿ ಆ ಸೂತ್ರವಿಲ್ಲ. ಲೆಕ್ಕ ಮಾಡಿದವರು ಖಗೋಳದಲ್ಲಿ ಪಳಗಿದ್ದ ಅಲೆಕ್ಸಾಂಡ್ರಿಯದವರು. ಹತ್ತೊಂಬತ್ತು ಸೌರವರ್ಷಗಳಲ್ಲಿ ಚಾಂದ್ರಮಾಸಗಳು ಸರಿಸುಮಾರು 235 ಬರುತ್ತವೆ ಎಂಬುದು ಅವರ ಆಧಾರ. ಹನ್ನೆರಡರಂತೆ ಹತ್ತೊಂಬತ್ತಕ್ಕೆ 228, ಉಳಿದ ಏಳು ಅಧಿಕಮಾಸ. ನಮ್ಮ ಪಂಚಾಂಗದಲ್ಲೂ ಅಧಿಕಮಾಸಗಳು ಹತ್ತೊಂಬತ್ತು ವರ್ಷಕ್ಕೆ ಏಳರಂತೆಯೇ ಬರುತ್ತವೆ, ಚಂದ್ರ ಯಾರಿಗೂ ಬೇರೆ ಲೆಕ್ಕ ಕೊಡುವುದಿಲ್ಲ. 525ರಲ್ಲಿ ರೋಮಿನ ಸನ್ಯಾಸಿ ದಿಯೊನಿಸಿಯಸ್ ಎಕ್ಸಿಗಸ್ ಈ ಕೋಷ್ಟಕವನ್ನು ಮುಂದುವರಿಸುವಾಗ, ಕ್ರೈಸ್ತರನ್ನು ಹಿಂಸಿಸಿದ ಚಕ್ರವರ್ತಿ ಡಯೊಕ್ಲಿಶಿಯನ್ನನ ಶಕೆ ಬೇಡವೆಂದು ಕ್ರಿಸ್ತನ ಅವತಾರದಿಂದ ವರ್ಷ ಎಣಿಸಿದ. ನಾವಿಂದು ಚೆಕ್ಕಿನ ಮೇಲೆ ಬರೆಯುವ ಇಸವಿ ಈಸ್ಟರಿನ ಕೋಷ್ಟಕದ ಅಂಚಿನಿಂದ ಇಳಿದುಬಂದದ್ದು.

ಕೋಷ್ಟಕಗಳು ಎರಡಾದರೆ ಮನೆಯೊಳಗೆ ಏನಾಗುತ್ತದೆ ಎಂಬುದಕ್ಕೆ ಬೀಡ್ ಎಂಬ ಇಂಗ್ಲೆಂಡಿನ ಸನ್ಯಾಸಿ ಒಂದು ಚಿತ್ರ ಕೊಟ್ಟಿದ್ದಾನೆ. ನಾರ್ತಂಬ್ರಿಯದ ರಾಜ ಓಸ್ವಿ ಐರಿಷ್ ಸನ್ಯಾಸಿಗಳ ಲೆಕ್ಕದವನು, ಕೆಂಟಿನಲ್ಲಿ ಬೆಳೆದ ರಾಣಿ ಇಯಾನ್‌ಫ್ಲೆಡ್ ರೋಮಿನ ಲೆಕ್ಕದವಳು. ರಾಜ ಉಪವಾಸ ಮುಗಿಸಿ ಈಸ್ಟರಿನ ಔತಣ ಮಾಡುತ್ತಿರುವಾಗ ರಾಣಿಯ ಕಡೆಯವರಿಗೆ ಇನ್ನೂ ಗರಿಗಳ ಭಾನುವಾರ. ಅಡಿಗೆಯವರ ಪಾಡನ್ನು ಬೀಡ್ ಬರೆದಿಲ್ಲ, ನಾವೇ ಊಹಿಸಿಕೊಳ್ಳಬೇಕು. 664ರಲ್ಲಿ ವಿಟ್ಬಿಯ ಮಠದಲ್ಲಿ ರಾಜ ಎರಡೂ ಪಕ್ಷಗಳನ್ನು ಕೂರಿಸಿ ವಾದ ಕೇಳಿದ. ಐರಿಷ್ ಪಕ್ಷದವರು ಸಂತ ಕೊಲಂಬನ ಹೆಸರು ಹೇಳಿದರು, ರೋಮಿನ ಪಕ್ಷದವರು ಸಂತ ಪೇತ್ರನ ಹೆಸರು ಹೇಳಿದರು. ಸ್ವರ್ಗದ ಬೀಗದ ಕೈ ಯಾರ ಬಳಿ ಇದೆ ಎಂದು ರಾಜ ಕೇಳಿದ. ಪೇತ್ರನ ಬಳಿ ಎಂಬುದನ್ನು ಇಬ್ಬರೂ ಒಪ್ಪಿದರು. ಹಾಗಾದರೆ ಬಾಗಿಲು ಕಾಯುವವನನ್ನು ಎದುರು ಹಾಕಿಕೊಳ್ಳುವುದು ಬೇಡ ಎಂದು ರಾಜ ರೋಮಿನ ಲೆಕ್ಕಕ್ಕೆ ತೀರ್ಪು ಕೊಟ್ಟ.

ಹನ್ನೊಂದು ನಿಮಿಷದ ಸಾಲ ಮಾತ್ರ ಬಡ್ಡಿ ಸಹಿತ ಬೆಳೆಯುತ್ತಲೇ ಇತ್ತು. ಹದಿನಾರನೆಯ ಶತಮಾನದ ಹೊತ್ತಿಗೆ ಮಾರ್ಚ್ 21ಕ್ಕೆ ಇರಬೇಕಾದ ವಿಷುವ ಮಾರ್ಚ್ 11ಕ್ಕೆ ಬಂದಿತ್ತು, ಈಸ್ಟರ್ ನಿಧಾನವಾಗಿ ಬೇಸಿಗೆಯತ್ತ ತೇಲುತ್ತಿತ್ತು. ಪೋಪ್ ಹದಿಮೂರನೆಯ ಗ್ರೆಗರಿ 1582ರಲ್ಲಿ ಅಕ್ಟೋಬರ್ 4ರ ಮರುದಿನವನ್ನು ಅಕ್ಟೋಬರ್ 15 ಎಂದು ಘೋಷಿಸಿ ಹತ್ತು ದಿನಗಳನ್ನು ಕಿತ್ತುಹಾಕಿದ. ಬ್ರಿಟನ್ ಪೋಪನ ಮಾತು ಕೇಳಲು 1752ರವರೆಗೆ ಕಾಯಿತು, ಆ ವೇಳೆಗೆ ಹನ್ನೊಂದು ದಿನ ಕೀಳಬೇಕಾಗಿ ಬಂತು. ರಷ್ಯಾ, ಸರ್ಬಿಯಾ ಮೊದಲಾದ ಕಡೆಯ ಆರ್ಥಡಾಕ್ಸ್ ಸಭೆಗಳು ಇಂದಿಗೂ ಸೀಸರನ ಕ್ಯಾಲೆಂಡರಿನಲ್ಲೇ ಕ್ರಿಸ್ಮಸ್ ಮಾಡುತ್ತವೆ. ಅವರ ಡಿಸೆಂಬರ್ 25 ನಮ್ಮ ಜನವರಿ 7, ಅದು 2101ರಿಂದ ಜನವರಿ 8 ಆಗುತ್ತದೆ. ಬೇತ್ಲೆಹೇಮಿನಲ್ಲೇ ಮೂರು ಕ್ರಿಸ್ಮಸ್ ನಡೆಯುತ್ತದೆ: ಕಥೋಲಿಕರದು ಡಿಸೆಂಬರ್ 25ಕ್ಕೆ, ಗ್ರೀಕ್ ಆರ್ಥಡಾಕ್ಸರದು ಜನವರಿ 7ಕ್ಕೆ, ಜನವರಿ 6ನ್ನು ಹಳೆಯ ಕ್ಯಾಲೆಂಡರಿನಲ್ಲಿ ಎಣಿಸುವ ಅರ್ಮೇನಿಯನ್ನರದು ಜನವರಿ 19ಕ್ಕೆ. ಹುಟ್ಟಿದ ಊರಿನಲ್ಲೇ ತಾರೀಖು ಒಂದಾಗಿಲ್ಲ.

ನಿವೃತ್ತರಾದ ಮೇಲೆ ದೊಡ್ಡಪ್ಪನಿಗೆ ಪಂಚಾಂಗ ಹಿಡಿದು ಗುಡ್ ಫ್ರೈಡೇಯನ್ನು ಮೊದಲೇ ಹೇಳುವ ಚಟ ಹತ್ತಿತ್ತು. ಹೋಳಿ ಹುಣ್ಣಿಮೆಯೋ ದವನದ ಹುಣ್ಣಿಮೆಯೋ, ಮಾರ್ಚ್ 21ರ ಆಚೆ ಮೊದಲು ಬರುವುದನ್ನು ಹಿಡಿ, ಅದರ ಮುಂದಿನ ಭಾನುವಾರ ಬಾಯಮ್ಮನ ಹಬ್ಬ ಎಂಬುದು ಅವರ ಸೂತ್ರ. 2024ರಲ್ಲಿ ಮಾರ್ಚ್ 25ಕ್ಕೆ ಹೋಳಿ ಹುಣ್ಣಿಮೆ, 31ಕ್ಕೆ ಈಸ್ಟರ್ ಬಂದಂತೆ ಸಾಮಾನ್ಯವಾಗಿ ಅದು ಫಲಿಸುತ್ತದೆ. 2019ರಲ್ಲಿ ಮಾತ್ರ ಕೈಕೊಟ್ಟಿತು. ಆ ವರ್ಷ ಮಾರ್ಚ್ 21ರ ನಸುಕಿನಲ್ಲಿ ಮೂರೂವರೆಯ ಸುಮಾರಿಗೆ ವಿಷುವ, ಬೆಳಿಗ್ಗೆ ಏಳು ದಾಟಿದ ಮೇಲೆ ಹುಣ್ಣಿಮೆ. ಅಂದು ಗುರುವಾರ, ಆದ್ದರಿಂದ 24ರ ಭಾನುವಾರ ಈಸ್ಟರ್ ಎಂದು ದೊಡ್ಡಪ್ಪ ಘೋಷಿಸಿಬಿಟ್ಟರು. ಬಾಯಮ್ಮ ಬೇಲಿಯ ಆಚೆಯಿಂದ ನಕ್ಕು, ಇನ್ನೂ ತಪಸ್ಸುಕಾಲ ಅರ್ಧವೂ ಆಗಿಲ್ಲ ಮಾಸ್ತರರೇ, ಏಪ್ರಿಲ್ 21ಕ್ಕೆ ಎಂದರು. ದೊಡ್ಡಪ್ಪ ಎರಡು ದಿನ ಮಂಕಾಗಿ ಕುಳಿತರು. ಚರ್ಚು ನೋಡುವುದು ಆಕಾಶದ ಚಂದ್ರನನ್ನಲ್ಲ, ಕೋಷ್ಟಕದ ಚಂದ್ರನನ್ನು. ಕೋಷ್ಟಕದಲ್ಲಿ ಆ ಹುಣ್ಣಿಮೆ ಮಾರ್ಚ್ 20ಕ್ಕೇ ಬಿದ್ದು ಹೋಗಿದೆ, ವಿಷುವವೂ ಆಕಾಶದ್ದಲ್ಲ, ಯಾವಾಗಲೂ ಮಾರ್ಚ್ 21ಕ್ಕೇ ನಿಂತದ್ದು ಎಂದು ನಾನು ವಿವರಿಸಿದಾಗ ಅವರ ಮುಖ ಅರಳಿತು. "ಹಾಗಾದರೆ ಅವರೂ ರಿಜಿಸ್ಟರು ನೋಡಿಯೇ ಹೇಳುವವರು" ಎಂದರು.

ದೊಡ್ಡಪ್ಪನ ಸ್ವಂತ ಹುಟ್ಟುಹಬ್ಬವೂ ಜೂನ್ 1, ಅವರ ಮಾಸ್ತರರು ಬರೆದದ್ದು. ಮನೆಯಲ್ಲಿ ಮಾತ್ರ ಅಜ್ಜಿಯ ಮಾತಿನಂತೆ ದವನದ ಹುಣ್ಣಿಮೆಯಂದು ಪಾಯಸ ಮಾಡುತ್ತಿದ್ದೆವು. 2019ರಲ್ಲಿ ಅದು ಏಪ್ರಿಲ್ 19ಕ್ಕೆ ಬಂತು, ಅಂದೇ ಗುಡ್ ಫ್ರೈಡೇ. ದೊಡ್ಡಪ್ಪ ಗಸಗಸೆ ಪಾಯಸದ ಬಟ್ಟಲನ್ನು ತಾವೇ ಹಿಡಿದುಕೊಂಡು ಬೇಲಿಯ ಬಳಿಗೆ ಹೋದರು. ಬೆಳಿಗ್ಗೆಯಿಂದ ಗಂಜಿ ಕುಡಿದು ಉಪವಾಸವಿದ್ದ ಬಾಯಮ್ಮ ಕೈ ಮುಗಿದು, ಇಂದು ಬಾಯಿಗೆ ಸಿಹಿ ಹಾಕುವುದಿಲ್ಲ, ಭಾನುವಾರ ಪೂಜೆ ಮುಗಿಸಿ ಬಂದು ತಿನ್ನುತ್ತೇನೆ ಎಂದರು. ದೊಡ್ಡಪ್ಪ ಬಟ್ಟಲನ್ನು ಹಾಗೆಯೇ ವಾಪಸು ತಂದು ಫ್ರಿಜ್ಜಿನ ಮೇಲಿನ ತಟ್ಟಿನಲ್ಲಿ ಇಟ್ಟು, ಮುಚ್ಚಳ ಹಾಕಿ, ಭಾನುವಾರದವರೆಗೆ ಇದನ್ನು ಯಾರೂ ಮುಟ್ಟಕೂಡದು ಎಂದು ಮಕ್ಕಳಿಗೆ ಕಟ್ಟಪ್ಪಣೆ ಮಾಡಿದರು.